ಆಟಿಕೆಯೊಳಗಿನ ಹಾಡು

2021ರ ಜುಲೈ 23ರ ರಾತ್ರಿ. ಟೋಕಿಯೋ ನಗರದ ಒಲಿಂಪಿಕ್ ಕ್ರೀಡಾಂಗಣ. ಸಾಂಕ್ರಾಮಿಕದ ದೆಸೆಯಿಂದ ಒಂದು ವರ್ಷ ಮುಂದಕ್ಕೆ ಹೋಗಿದ್ದ ಕ್ರೀಡಾಕೂಟ ಕಡೆಗೂ ಆರಂಭವಾಗಲಿತ್ತು. ಸಾರ್ವಜನಿಕರಿಗೆ ಪ್ರವೇಶವಿರಲಿಲ್ಲ, ಸಾವಿರಾರು ಆಸನಗಳು ಬರಿದಾಗಿದ್ದವು. ಪದ್ಧತಿಯಂತೆ ಗ್ರೀಸ್ ದೇಶದ ಕ್ರೀಡಾಪಟುಗಳು ಮೊದಲಿಗರಾಗಿ ಒಳಗೆ ಕಾಲಿಟ್ಟರು. ಆ ಗಳಿಗೆಯಲ್ಲಿ ಕಹಳೆಗಳು ಮೊಳಗಿ, ಗಂಭೀರವಾದ ಒಂದು ನಡೆಸಂಗೀತ ಕೇಳಿಬಂದಿತು. ಹೊರನಾಡಿನವರ ಕಿವಿಗೆ ಅದು ಯಾವುದೋ ಅರಮನೆಯ ವಾದ್ಯಗೋಷ್ಠಿಯಂತಿತ್ತು. ಜಪಾನಿನ ಮನೆಗಳಲ್ಲಿ ಟೆಲಿವಿಷನ್ನಿನ ಮುಂದೆ ಕುಳಿತಿದ್ದ ನಲವತ್ತು ಐವತ್ತರ ಪ್ರಾಯದ ಅಸಂಖ್ಯ ಗೃಹಸ್ಥರಿಗಾದರೋ, ಮೊದಲ ಎರಡು ಸ್ವರಗಳೇ ಸಾಕಾದವು. ಅದು ಅವರ ಬಾಲ್ಯದ ಸಂಗೀತ. ‘ಡ್ರಾಗನ್ ಕ್ವೆಸ್ಟ್’ ಎಂಬ ವಿಡಿಯೋ ಆಟದ ಪೀಠಿಕೆ.

ಅದರ ಬೆನ್ನಿಗೆ ‘ಫೈನಲ್ ಫ್ಯಾಂಟಸಿ’, ‘ಸೋನಿಕ್’, ‘ಮಾನ್‌ಸ್ಟರ್ ಹಂಟರ್’ ಮೊದಲಾದ ಆಟಗಳ ಸಂಗೀತವೂ ಬಂದಿತು. ಮೇರಿ ಕೋಮ್ ಮತ್ತು ಮನ್‌ಪ್ರೀತ್ ಸಿಂಗ್ ತ್ರಿವರ್ಣಧ್ವಜ ಹಿಡಿದು ಮುನ್ನಡೆದದ್ದೂ ಈ ಸಂಗೀತಮಾಲೆಯ ನಡುವೆಯೇ. ಅಂದು ಬೆಂಗಳೂರು, ಮೈಸೂರುಗಳ ಮನೆಗಳಲ್ಲಿ ಆ ದೃಶ್ಯವನ್ನು ಕಂಡು ಹಿಗ್ಗಿದ ತಂದೆತಾಯಿಯರು, ತಾವು ಕೇಳುತ್ತಿರುವುದು ಮಕ್ಕಳಾಟದ ಹಾಡೆಂದು ಊಹಿಸಿರಲಾರರು.

ಆಟಿಕೆಯ ಪೆಟ್ಟಿಗೆಯಿಂದ ಹೊರಟ ಸ್ವರಗಳು ಒಂದು ದೇಶದ ಗೌರವದ ಗಳಿಗೆಗೆ ಒದಗಿಬಂದದ್ದು ಹೇಗೆ? ದೊಡ್ಡವರ ಕಣ್ಣಂಚಿನಲ್ಲಿ ನೀರು ತರಿಸುವ ಶಕ್ತಿ ಅವಕ್ಕೆ ಎಲ್ಲಿಂದ ಬಂದಿತು? ಇದು ಬರಿಯ ಹುಡುಗಾಟವೋ, ನಿಜವಾದ ರಸಾನುಭವವೋ?

ಮೊದಮೊದಲು ಆ ಪೆಟ್ಟಿಗೆಗೆ ಹಾಡಲು ಬರುತ್ತಿರಲಿಲ್ಲ. ಮಿಡಿಯಲು ಮಾತ್ರ ಬರುತ್ತಿತ್ತು. 1978ರಲ್ಲಿ ಜಪಾನಿನಲ್ಲಿ ಹುಟ್ಟಿದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿದ್ದುದು ನಾಲ್ಕೇ ಸ್ವರ. ಒಂದಕ್ಕಿಂತ ಒಂದು ತಗ್ಗುತ್ತ, ಮತ್ತೆ ಮತ್ತೆ ಮರಳಿ ಬರುತ್ತಿದ್ದ ಸ್ವರಗಳು ಅವು. ವೈರಿಗಳ ಸಂಖ್ಯೆ ಕುಗ್ಗಿದಂತೆ ಉಳಿದವರು ವೇಗವಾಗಿ ಇಳಿದು ಬರುವರು. ಆ ನಾಲ್ಕು ಸ್ವರಗಳ ಲಯವೂ ಅದಕ್ಕೆ ತಕ್ಕಂತೆ ದ್ರುತವಾಗುವುದು. ಆಡುವವನ ಎದೆಬಡಿತವೂ ಅದರ ಜೊತೆಗೇ ಏರುವುದು. ಇಲ್ಲಿ ಸಂಗೀತವು ಆಟವನ್ನು ಹಿಂಬಾಲಿಸಿತು. ಆಟವು ಆಡುವವನ ಕೈಯನ್ನು ಹಿಂಬಾಲಿಸಿತು. ಮುಂದಿನ ಬೆಳವಣಿಗೆಗೆಲ್ಲ ಬೀಜ ಇದೇ.

1983ರಲ್ಲಿ ನಿಂಟೆಂಡೋ ಸಂಸ್ಥೆಯು ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದನ್ನು ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡಬೇಕು. ಸ್ವರ ನುಡಿಸಲು ಅದಕ್ಕಿದ್ದ ಎಳೆಗಳು ಮೂರು. ತಾಳದ ಸದ್ದಿಗೆ ಇನ್ನೊಂದು. ಮುದ್ರಿಸಿದ ಚೂರುಪಾರು ಧ್ವನಿಗೆ ಮತ್ತೊಂದು. ಆಟದಲ್ಲಿ ಏನಾದರೂ ಸಿಡಿದರೆ, ಯಾರಾದರೂ ನೆಗೆದರೆ, ಆ ಸದ್ದಿಗೂ ಇದೇ ಎಳೆಗಳಲ್ಲೊಂದು ಹಾಡನ್ನು ಬಿಟ್ಟು ಓಡಬೇಕು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಚಿತ್ರ, ನಿಯಮ, ಸಂಗೀತ ಎಲ್ಲವೂ ಸೇರಿ ಹಿಡಿಸಬೇಕಾಗಿದ್ದುದು 40 ಕಿಲೋಬೈಟುಗಳ ಸ್ಥಳದಲ್ಲಿ. ಇಂದಿನ ಕೈಫೋನಿನ ಒಂದು ಛಾಯಾಚಿತ್ರಕ್ಕೂ ಅದು ಸಾಲದು.

ಬಡತನವು ಕಲೆಗೆ ಗುರುವಾಗುವುದುಂಟು. ಅಲಂಕಾರಕ್ಕೆ ಎಡೆಯಿಲ್ಲದುದರಿಂದ ಸಂಗೀತಗಾರರು ಸ್ಪಷ್ಟವಾದ, ನೆನಪಿನಲ್ಲಿ ನಿಲ್ಲುವ ಧಾಟಿಗಳನ್ನೇ ಕಟ್ಟಬೇಕಾಯಿತು. ಸ್ಥಳವಿಲ್ಲದುದರಿಂದ ಒಂದೇ ಹಾಡು ಸುತ್ತಿ ಸುತ್ತಿ ಬರಬೇಕಾಯಿತು. ನೂರು ಸಲ ಕೇಳಿದರೂ ಬೇಸರ ತರಿಸದ ಹಾಡನ್ನು ಕಟ್ಟುವುದು ಸುಲಭದ ಕೆಲಸವಲ್ಲ. ಮಾರಿಯೋ ಆಟದ ಹಾಡುಗಳನ್ನು ರಚಿಸಿದ ಕೋಜಿ ಕೊಂಡೊ ಆಗಿನ್ನೂ ಇಪ್ಪತ್ತರ ಹರೆಯದ ತರುಣ.

ಡ್ರಾಗನ್ ಕ್ವೆಸ್ಟಿನ ಸಂಗೀತಗಾರ ಕೊಯಿಚಿ ಸುಗಿಯಾಮ ಮಾತ್ರ ತರುಣರಲ್ಲ. 1931ರಲ್ಲಿ ಹುಟ್ಟಿದ ಅವರು ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಓದಿ, ಟೆಲಿವಿಷನ್ ಸಂಸ್ಥೆಯಲ್ಲಿ ಕಾರ್ಯಕ್ರಮ ನಿರ್ದೇಶಕರಾಗಿದ್ದು, ಅನಂತರ ಜನಪ್ರಿಯ ಗೀತೆಗಳ ರಚನೆಯಲ್ಲಿ ಹೆಸರು ಗಳಿಸಿದವರು. ಆಟವೆಂದರೆ ಅವರಿಗೆ ಪ್ರಾಣ. ಎನಿಕ್ಸ್ ಎಂಬ ಸಂಸ್ಥೆ ಹೊರತಂದಿದ್ದ ಜಪಾನೀ ಚದುರಂಗದ ಕಂಪ್ಯೂಟರ್ ಆಟವೊಂದನ್ನು ಆಡಿ, ಅದರ ಜೊತೆಗೆ ಬಂದಿದ್ದ ಅಭಿಪ್ರಾಯದ ಕಾರ್ಡನ್ನು ತುಂಬಿದರು. ಕಾರ್ಡು ಸಂಸ್ಥೆಯನ್ನು ತಲುಪಿದಾಗ, ಇದು ಆ ಪ್ರಸಿದ್ಧ ಸಂಗೀತಗಾರರದೇ ಎಂದು ತಿಳಿದ ಅಲ್ಲಿನವರು ಅವರನ್ನು ಹುಡುಕಿಕೊಂಡು ಹೋದರು. ಒಂದು ಅಂಚೆಕಾರ್ಡಿನಿಂದ ಅವರ ಬಾಳಿನ ಎರಡನೆಯ ಅಧ್ಯಾಯ ತೆರೆಯಿತು. 1986ರ ಮೇ ತಿಂಗಳಲ್ಲಿ ಆಟ ಹೊರಬಂದಾಗ ಅವರಿಗೆ 55 ವರ್ಷ. ಪೀಠಿಕೆಯ ಧಾಟಿ ಐದೇ ನಿಮಿಷಗಳಲ್ಲಿ ಹೊಳೆಯಿತಂತೆ. ಆದರೆ ಆ ಐದು ನಿಮಿಷಗಳ ಹಿಂದೆ ಐವತ್ತನಾಲ್ಕು ವರ್ಷಗಳ ಬಾಳುವೆ ಇದೆಯೆಂದು ಅವರು ಹೇಳುತ್ತಿದ್ದುದುಂಟು.

ಈ ಆಟದ ಎರಡನೆಯ ಭಾಗ 1987ರ ಜನವರಿಯಲ್ಲಿ ಬಂದಿತು. ಆಟವನ್ನು ಅರ್ಧಕ್ಕೆ ನಿಲ್ಲಿಸಿ ಮರುದಿನ ಮುಂದುವರಿಸಬೇಕಾದರೆ, ತೆರೆಯ ಮೇಲೆ ಮೂಡುವ ಒಂದು ‘ಸಂಜೀವಿನಿ ಮಂತ್ರ’ವನ್ನು ಬರೆದಿಟ್ಟುಕೊಳ್ಳಬೇಕಾಗಿತ್ತು. ಅದರಲ್ಲಿ 52ರವರೆಗೂ ಅಕ್ಷರಗಳು, ಅರ್ಥವಿಲ್ಲದ ಅಕ್ಷರಗಳು. ಒಂದನ್ನು ತಪ್ಪಾಗಿ ಬರೆದುಕೊಂಡರೂ ವಾರಗಟ್ಟಲೆಯ ಶ್ರಮ ಮಣ್ಣುಪಾಲು. ಮರುದಿನ ಶಾಲೆಯಿಂದ ಓಡಿಬಂದ ಹುಡುಗ, ನೋಟುಪುಸ್ತಕದ ಮೂಲೆಯಲ್ಲಿ ಗೀಚಿದ್ದನ್ನು ಒಂದೊಂದಾಗಿ ಯಂತ್ರಕ್ಕೆ ಒಪ್ಪಿಸುತ್ತಾನೆ. ಆ ಹೊತ್ತಿನಲ್ಲಿ ಸುಗಿಯಾಮರ ಒಂದು ಮೃದುವಾದ ಪ್ರೇಮಗೀತೆ ಹಿನ್ನೆಲೆಯಲ್ಲಿ ನುಡಿಯುತ್ತಿರುತ್ತದೆ. ಮಂತ್ರ ಫಲಿಸಿದರೆ ಆನಂದ. ತಪ್ಪೆಂದು ಯಂತ್ರ ತಿರಸ್ಕರಿಸಿದರೆ ಹತಾಶೆ. ಎರಡಕ್ಕೂ ಸಾಕ್ಷಿ ಅದೇ ಹಾಡು. ಆ ಧಾಟಿ ಈಗ ಕಿವಿಗೆ ಬಿದ್ದರೆ ಜಪಾನಿನ ಒಂದು ತಲೆಮಾರಿನವರ ಬೆರಳು ತಂತಾನೆ ಪೆನ್ಸಿಲನ್ನು ಹುಡುಕೀತು.

ಮೂರನೆಯ ಭಾಗದಿಂದ ಈ ಮಂತ್ರದ ಕಾಟ ತಪ್ಪಿತು. 1988ರ ಫೆಬ್ರವರಿ 10ರ ಬುಧವಾರ ಆ ಭಾಗ ಬಿಡುಗಡೆಯಾದಾಗ ಅಂಗಡಿಗಳ ಮುಂದೆ ಮಾರುದ್ದದ ಸಾಲುಗಳು. ಒಂದೇ ದಿನದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಿಹೋದವು. ಸಾಲಿನಲ್ಲಿ ನಿಲ್ಲಲೆಂದು ಶಾಲೆ ತಪ್ಪಿಸಿದ ಬಾಲಕರನ್ನು ಪೋಲೀಸರು ಹಿಡಿದು ವಿಚಾರಿಸಬೇಕಾಯಿತು. ಹಿರಿಯರು ಹುಬ್ಬು ಗಂಟಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಅದಕ್ಕೆ ಮೊದಲೇ ಸುಗಿಯಾಮ ಒಂದು ಸಾಹಸ ಮಾಡಿದ್ದರು. 1987ರ ಆಗಸ್ಟ್ 20ರಂದು, ಹಿಂದಿನ ವರ್ಷವಷ್ಟೇ ತೆರೆದಿದ್ದ ಟೋಕಿಯೋದ ಪ್ರತಿಷ್ಠಿತ ಸಂಟೋರಿ ಸಭಾಂಗಣದಲ್ಲಿ ಡ್ರಾಗನ್ ಕ್ವೆಸ್ಟಿನ ಸಂಗೀತವನ್ನು ಜೀವಂತ ವಾದ್ಯಗಳಲ್ಲಿ ನುಡಿಸಲಾಯಿತು. ವಿಡಿಯೋ ಆಟದ ಸಂಗೀತಕ್ಕೆ ನಡೆದ ಮೊತ್ತಮೊದಲ ಕಚೇರಿಯೆಂದು ಅದು ಪ್ರಸಿದ್ಧ. ಅದಕ್ಕೆ ಅವರಿಟ್ಟ ಹೆಸರು ‘ಫ್ಯಾಮಿಲಿ ಕ್ಲಾಸಿಕ್ ಕನ್ಸರ್ಟ್’; ಅಂದರೆ, ಮನೆಮಂದಿಯೆಲ್ಲ ಕೂಡಿ ಕೇಳತಕ್ಕ ಕಚೇರಿ. ಟೆಲಿವಿಷನ್ನಿನ ಸಣ್ಣ ಧ್ವನಿಯಲ್ಲಿ ಕೇಳಿದ್ದ ಮೂರೆಳೆಯ ಹಾಡು ಪಿಟೀಲುಗಳ ಮೇಲೆ ತುಂಬಿ ಹರಿದಾಗ ಮಕ್ಕಳಿಗೆ ಆದ ಬೆರಗನ್ನು ಬಣ್ಣಿಸಬೇಕಾಗಿಲ್ಲ. ತಮ್ಮ ಗುಟ್ಟಿನ ಲೋಕಕ್ಕೆ ದೊಡ್ಡವರ ಮನ್ನಣೆ ದೊರೆತಂತೆ ಅವರಿಗೆ ತೋರಿತು.

ಇನ್ನೊಬ್ಬ ಹಿರಿಯ ರಚನಕಾರ ನೊಬುಓ ಉಎಮತ್ಸು. 1959ರಲ್ಲಿ ಕೋಚಿ ಪ್ರಾಂತ್ಯದಲ್ಲಿ ಹುಟ್ಟಿದ ಇವರು ತಾವೇ ಪಿಯಾನೋ ಕಲಿತವರು. ‘ಫೈನಲ್ ಫ್ಯಾಂಟಸಿ’ ಮಾಲೆಯ ಕೀರ್ತಿಯಲ್ಲಿ ಇವರ ಸ್ವರಗಳ ಪಾಲು ಹಿರಿದು. 1997ರಲ್ಲಿ ಬಂದ ಆ ಮಾಲೆಯ ಏಳನೆಯ ಆಟದಲ್ಲಿ ಏರಿತ್ ಎಂಬ ಹೂ ಮಾರುವ ಹುಡುಗಿಯಿದ್ದಾಳೆ. ಆಡುವವನು ಅವಳನ್ನು ಹತ್ತಾರು ಗಂಟೆಗಳ ಕಾಲ ಜೊತೆಯಲ್ಲಿ ಕರೆದೊಯ್ದು, ಕಾಪಾಡಿ, ಶಕ್ತಿ ತುಂಬಿ ಬೆಳೆಸಿರುತ್ತಾನೆ. ಕಥೆಯ ನಡುವಿನಲ್ಲೇ ಅವನ ಕಣ್ಣೆದುರಿಗೆ ಅವಳ ಕೊಲೆಯಾಗುತ್ತದೆ. ಗುಂಡಿ ಒತ್ತಿ ತಡೆಯಲು ಅವಕಾಶವಿಲ್ಲ. ಒಡನೆಯೇ ಒಂದು ಕಾಳಗ ಬರುತ್ತದೆ. ಕಾಳಗವೆಂದರೆ ಅಬ್ಬರದ ಸಂಗೀತ ಕೇಳಿ ರೂಢಿಯಾಗಿರುತ್ತದೆ. ಉಎಮತ್ಸು ಅಬ್ಬರಿಸಲಿಲ್ಲ, ಏರಿತಳ ಮೆಲ್ಲನೆಯ ಧಾಟಿಯೇ ಕಾಳಗದುದ್ದಕ್ಕೂ ಸಾಗುತ್ತದೆ. ಕೈ ಹೋರಾಡುತ್ತಿರಬೇಕು, ಮನಸ್ಸು ಅಳುತ್ತಿರಬೇಕು. ಅವಳನ್ನು ಬದುಕಿಸುವ ಉಪಾಯ ಎಲ್ಲಿಯೋ ಅಡಗಿರಬಹುದೆಂದು ಆಟದ ಮೂಲೆಮೂಲೆಯನ್ನು ವರ್ಷಗಟ್ಟಲೆ ಶೋಧಿಸಿದವರು ಅನೇಕರು. ಉಪಾಯವಿರಲಿಲ್ಲ; ಉಳಿದದ್ದು ಹಾಡು. 2012ರಲ್ಲಿ ಬ್ರಿಟನ್ನಿನ ಕ್ಲಾಸಿಕ್ ಎಫ್‌ಎಂ ಬಾನುಲಿ ಕೇಂದ್ರವು ಶ್ರೋತೃಗಳ ಮತದಿಂದ 300 ಕೃತಿಗಳನ್ನು ಆರಿಸಿದಾಗ, ಪಾಶ್ಚಾತ್ಯ ಸಂಗೀತದ ಮಹಾಕೃತಿಗಳ ನಡುವೆ ಏರಿತಳ ಹಾಡು 16ನೆಯ ಸ್ಥಾನದಲ್ಲಿ ನಿಂತಿತು.

ಚಲನಚಿತ್ರದ ಹಾಡೂ ಮನಸ್ಸಿನಲ್ಲಿ ನಿಲ್ಲುತ್ತದೆಯಲ್ಲ, ಇದರಲ್ಲಿ ವಿಶೇಷವೇನೆಂದು ಓದುಗರು ಕೇಳಬಹುದು. ಚಿತ್ರಮಂದಿರದಲ್ಲಿ ಪ್ರೇಕ್ಷಕ ಕೈಕಟ್ಟಿ ಕುಳಿತಿರುತ್ತಾನೆ. ನಾಯಕನ ಸೋಲು ನಾಯಕನದು. ಆಟದಲ್ಲಿ ಸೋಲು ತನ್ನದು. ಬಾಗಿಲು ತೆರೆದವನು ತಾನು, ಸೇತುವೆ ದಾಟಿದವನು ತಾನು, ಗೆಳತಿಯನ್ನು ಆ ಅಪಾಯದ ಎಡೆಗೆ ಕರೆದೊಯ್ದವನೂ ತಾನೇ. ಮೂರು ಗಂಟೆಯಲ್ಲಿ ಮುಗಿಯುವ ಚಿತ್ರದ ಹಾಡು ನಾಲ್ಕು ನಿಮಿಷ ಕೇಳಿಸೀತು; ಆಟದ ಊರಿನ ಹಾಡು ಆಡುವವನು ಆ ಊರಿನಲ್ಲಿ ಇರುವಷ್ಟು ಹೊತ್ತೂ ನುಡಿಯುವುದು. ಹೀಗೆ ಆ ಹಾಡು ಕೇಳಿದ ಸಂಗೀತವಾಗಿ ಉಳಿಯದೆ, ವಾಸ ಮಾಡಿದ ಸ್ಥಳವೇ ಆಗಿಬಿಡುತ್ತದೆ. ಹುಟ್ಟೂರಿನ ಬೀದಿಯನ್ನು ನೆನೆದು ಮರುಗುವವನನ್ನು ಯಾರೂ ನಗುವುದಿಲ್ಲ. ಈ ಮರುಕವೂ ಆ ಜಾತಿಯದೇ.

ಹಾಗೆಂದು ಹಿರಿಯರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆಟದ ಸೆಳೆತ ಮಿತಿಮೀರಿ ಬಾಳನ್ನೇ ಕೆಡಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ರೋಗಗಳ ಪಟ್ಟಿಗೆ ಸೇರಿಸಿತು. ಹಾಡಿನ ಮೇಲಿನ ಪ್ರೀತಿ ಹಾಡಿದವನ ದೋಷಗಳಿಗೆ ತೆರೆಯಾಗಲೂಬಾರದು. ಯುದ್ಧಕಾಲದಲ್ಲಿ ಜಪಾನೀ ಸೇನೆಗಾಗಿ ಹೆಂಗಸರನ್ನು ಬಲಾತ್ಕಾರದಿಂದ ಒಯ್ದದ್ದನ್ನು ಅಲ್ಲಗಳೆಯುವ ಒಂದು ಜಾಹೀರಾತು 2007ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಬಂದಾಗ, ಅದನ್ನು ಹೊರಡಿಸಿದವರಲ್ಲಿ ಸುಗಿಯಾಮರೂ ಇದ್ದರು. ಒಲಿಂಪಿಕ್ಸಿನಲ್ಲಿ ಅವರ ಸಂಗೀತ ಮೊಳಗಿದಾಗ ಅದನ್ನು ನೆನೆದು ನೊಂದವರೂ ಇದ್ದರು. ಧಾಟಿಯನ್ನು ಪ್ರೀತಿಸುತ್ತಲೇ ಆ ಮಾತನ್ನು ಒಪ್ಪದಿರುವುದು ರಸಿಕನ ಕಷ್ಟದ ಕರ್ತವ್ಯ.

ಆ ಸಂಗೀತ ಇಂದು ಎಲ್ಲೆಗಳನ್ನು ದಾಟಿದೆ. 2003ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ಗೆವಾಂಡ್‌ಹೌಸ್ ಸಭಾಂಗಣದಲ್ಲಿ, ಜಪಾನಿನಿಂದಾಚೆಗೆ ಮೊದಲ ಬಾರಿಗೆ, ವಾದ್ಯವೃಂದವು ಆಟಗಳ ಸಂಗೀತವನ್ನು ನುಡಿಸಿತು. 2022ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವ ಅದಕ್ಕೆಂದು ಒಂದು ಸಂಜೆಯನ್ನು ಮೀಸಲಿಟ್ಟಿತು. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಕಾಪಾಡತಕ್ಕ ರಾಷ್ಟ್ರೀಯ ಧ್ವನಿಮುದ್ರಣಗಳ ಸಾಲಿಗೆ ಮಾರಿಯೋ ಆಟದ ಹಾಡನ್ನು ಸೇರಿಸಿತು. ಆಟದ ಸಂಗೀತಕ್ಕೆ ಆ ಗೌರವ ಸಂದದ್ದು ಅದೇ ಮೊದಲು.

ಸುಗಿಯಾಮ 2021ರ ಸೆಪ್ಟೆಂಬರ್ 30ರಂದು ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ಒಲಿಂಪಿಕ್ಸಿನ ಆ ರಾತ್ರಿ ಕಳೆದು ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ.

ಮಂತ್ರವನ್ನು ತಪ್ಪಾಗಿ ಬರೆದುಕೊಂಡು ಕಣ್ಣೀರಿಟ್ಟಿದ್ದ ಹುಡುಗರು ಈಗ ತಾವೇ ತಂದೆತಾಯಿಯರು. ಇಂದಿನ ಮಗನ ಕೋಣೆಯ ಕದದಾಚೆ ಬೇರೊಂದು ಹಾಡು ಸುತ್ತಿ ಸುತ್ತಿ ಬರುತ್ತಿದೆ. ಒಳಗೆ ಅಡಿಗೆ ಆರುತ್ತಿದೆ, ಪುಸ್ತಕ ತೆರೆಯದೆ ಬಿದ್ದಿದೆ, ಗದರಿಸುವುದು ನ್ಯಾಯವೇ. ಆದರೆ ಗದರಿಸುವ ಮೊದಲು ಒಂದು ಗಳಿಗೆ ಬಾಗಿಲಲ್ಲಿ ನಿಂತು ಆ ಹಾಡು ಯಾವ ಊರಿನದೆಂದು ಕೇಳಿದರೆ, ಮಗು ಆ ಊರಿನ ದಾರಿಯನ್ನೆಲ್ಲ ಹೇಳೀತು. ನಲವತ್ತು ವರ್ಷಗಳ ಮೇಲೆ ಆ ಧಾಟಿ ಎಲ್ಲಿಯಾದರೂ ಕಿವಿಗೆ ಬಿದ್ದಾಗ, ಅದರ ಜೊತೆಯಲ್ಲಿ ಬಾಗಿಲಲ್ಲಿ ನಿಂತಿದ್ದ ತಾಯಿಯ ಮುಖವೂ ನೆನಪಿಗೆ ಬಂದೀತು.