ಘರ್ಷಣೆಯಿಲ್ಲದ ಹಣ

ಘರ್ಷಣೆಯ ಪಾಠವನ್ನು ಬೋಧಿಸುವಾಗ ಅದನ್ನು ಮೊದಲು ಒಂದು ಪೀಡೆಯೆಂದೇ ವರ್ಣಿಸುವುದು ನಮ್ಮ ರೂಢಿ. ಅದು ಯಂತ್ರವನ್ನು ಸವೆಸುತ್ತದೆ. ಶಕ್ತಿಯನ್ನು ಉಷ್ಣವಾಗಿ ಪೋಲುಮಾಡುತ್ತದೆ. ಆದರೆ ಘರ್ಷಣೆಯೇ ಇಲ್ಲದಿದ್ದರೆ ಹಾಸನದ ನಿಲ್ದಾಣದಿಂದ ಬಸ್ಸು ಹೊರಡಲಾರದು. ಹೇಗೋ ಹೊರಟರೂ ಚನ್ನರಾಯಪಟ್ಟಣದಲ್ಲಿ ನಿಲ್ಲಲಾರದು. ಹಣಕ್ಕೂ ಇಂಥದೊಂದು ಘರ್ಷಣೆ ಅವಶ್ಯವೆಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ಕಳೆದ ವರ್ಷ ನನ್ನ ತಂದೆಯವರು ಹಾಸನದ ಆಸ್ಪತ್ರೆಯೊಂದರಲ್ಲಿ ಮೂರು ವಾರ ಇದ್ದರು. ಹೊಳೆನರಸೀಪುರದಲ್ಲಿ ಪಾಠ ಮುಗಿಸಿ ಸಂಜೆಯ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಇಳಿದೊಡನೆ ಒಂದು ಮಸಾಲೆ ದೋಸೆ, ಒಂದು ಕಾಫಿ. ರಾತ್ರಿ ಅವರ ಮಂಚದ ಪಕ್ಕದಲ್ಲಿ ಕುಳಿತು ಮೊಬೈಲಿನಲ್ಲಿ ಒಂದು ಪುಸ್ತಕ, ಒಂದು ಕೈಗಡಿಯಾರ, ಬೇಡವಾದ ಒಂದು ಜೊತೆ ಬೂಟು. ಔಷಧಕ್ಕೆ ಹಣ ಸಾಲದೆಂದು ಚಿಂತಿಸುತ್ತಿದ್ದವನೇ ಇದನ್ನೆಲ್ಲ ಕೊಂಡನು! ತಿಂಗಳ ಕೊನೆಗೆ ನೋಡಿದರೆ, ಆ ಮೊತ್ತವು ಅರಕಲಗೂಡಿನ ನಮ್ಮ ಮನೆಯ ಒಂದು ತಿಂಗಳ ದಿನಸಿಗೆ ಸಮನಾಗಿತ್ತು. ನಾಳೆಯಿಂದ ಒಂದು ಕಾಸನ್ನೂ ವ್ಯರ್ಥಮಾಡೆನೆಂದು ಪ್ರತಿಜ್ಞೆ ಮಾಡಿದೆ. ಅದು ನಾಲ್ಕು ದಿನ ನಡೆಯಿತು.

ಇದು ಕೇವಲ ಸ್ವಭಾವದ ದೌರ್ಬಲ್ಯವೆನ್ನುವ ಹಿರಿಯರ ಮಾತನ್ನು ನಾನು ಒಪ್ಪಲಾರೆ. ಚಿಂತೆಗೊಳಗಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ಹೆಚ್ಚಾಗಿ ಸ್ರವಿಸುವುವು. ಈ ಬಗೆಯ ರಸವು ಇಲಿಗಳನ್ನು ಸಿಹಿ ಹಾಗೂ ಕೊಬ್ಬಿನ ಆಹಾರದತ್ತ ಎಳೆಯುವುದೆಂದೂ, ಆ ಆಹಾರದಿಂದ ಅವುಗಳ ಉದ್ವೇಗ ತಗ್ಗುವುದೆಂದೂ ಮೇರಿ ಡಾಲ್ಮನ್ ಮತ್ತು ಸಂಗಡಿಗರು 2003ರಲ್ಲಿ ವಾದಿಸಿದರು. ಅಂದರೆ ದೋಸೆಯಿಂದ ದೊರೆತ ಸಮಾಧಾನ ಸುಳ್ಳಲ್ಲ. ಬೂಟಿನ ಕಥೆ ಬೇರೆ. ಬಹುಮಾನದ ಸಂಕೇತವನ್ನು ಕಲಿತ ಕೋತಿಯ ಮಿದುಳಿನಲ್ಲಿ ಡೋಪಮೀನ್ ಕಣಗಳು ಸಂಕೇತ ಕಂಡಾಗಲೇ ಕೆರಳುವುವು, ನಿರೀಕ್ಷಿಸಿದ ಬಹುಮಾನ ಕೈಸೇರಿದಾಗ ಅಲ್ಲ ಎಂಬುದನ್ನು ವುಲ್ಫ್ರಾಮ್ ಷುಲ್ಟ್ಸ್ 1990ರ ದಶಕದಲ್ಲಿ ತೋರಿಸಿದರು. ನನ್ನ ಬೂಟುಗಳೂ ಬಂದ ಪೆಟ್ಟಿಗೆಯಲ್ಲೇ ಉಳಿದುವು.

ಇಂಥ ಸೆಳೆತ ಹಿಂದೆಯೂ ಇತ್ತು, ಇಲ್ಲವಾದದ್ದು ತಡೆ. ಜೇಬಿಗೆ ಕೈಹಾಕಿ, ನೋಟನ್ನೆಣಿಸಿ, ಚಿಲ್ಲರೆಗೆ ಕಾಯುವಷ್ಟರಲ್ಲಿ ಮನಸ್ಸು ಒಮ್ಮೆಯಾದರೂ ಹಿಂಜರಿಯುತ್ತಿತ್ತು. 2016ರಲ್ಲಿ ಯುಪಿಐ ಬಂದಮೇಲೆ ಆ ಅವಕಾಶ ಒಂದೆರಡು ಕ್ಷಣಗಳಿಗೆ ಇಳಿಯಿತು. ಯುಪಿಐಗೂ ಮೊದಲೇ, 2001ರಲ್ಲಿ, ಪ್ರೆಲೆಕ್ ಮತ್ತು ಸಿಮೆಸ್ಟರ್ ಎಂಬ ಅಮೆರಿಕದ ಸಂಶೋಧಕರು ಆಟದ ಟಿಕೆಟುಗಳನ್ನು ಹರಾಜಿಗಿಟ್ಟಾಗ, ನಗದು ಕೊಡಬೇಕಾದವರಿಗಿಂತ ಕ್ರೆಡಿಟ್ ಕಾರ್ಡಿನಲ್ಲಿ ತೆರಬಹುದಾದವರು ಎರಡರಷ್ಟರವರೆಗೂ ಬೆಲೆ ಕೂಗಿದ್ದರು.

ಆದ್ದರಿಂದ, ಪರೀಕ್ಷೆಯ ಭಯದಲ್ಲಿ ಕೈಖರ್ಚು ಮಿತಿಮೀರುತ್ತಿರುವ ವಿದ್ಯಾರ್ಥಿಗಳಿಗೆ ಸಂಯಮದ ಉಪದೇಶ ಮಾಡುವ ಬದಲು, ಘರ್ಷಣೆಯನ್ನು ಮರಳಿ ತನ್ನಿರೆಂದು ಹೇಳುವುದೇ ಮೇಲು. ನಾನು ಮೊಬೈಲಿನಿಂದ ಅಂಗಡಿಗಳ ಆ್ಯಪುಗಳನ್ನು ತೆಗೆದುಹಾಕಿದೆ. ವಾರದ ಕೈಖರ್ಚನ್ನು ನಗದಾಗಿ ಒಂದು ಲಕೋಟೆಯಲ್ಲಿಟ್ಟೆ. ಕಾಫಿಯನ್ನು ಮಾತ್ರ ಬಿಡಲಿಲ್ಲ. ಎಲ್ಲ ಸಮಾಧಾನಗಳನ್ನೂ ಒಮ್ಮೆಗೇ ಕಿತ್ತುಕೊಂಡದ್ದರಿಂದಲೇ ಮೊದಲಿನ ಪ್ರತಿಜ್ಞೆ ಮುರಿಯಿತೆಂಬುದು ನನ್ನ ಎಣಿಕೆ. ಎರಡು ಸಲ ಲಕೋಟೆ ಶುಕ್ರವಾರಕ್ಕೇ ಬರಿದಾದುದೂ ಉಂಟು.

ತಂದೆಯವರು ಗುಣಹೊಂದಿ ಮನೆಗೆ ಬಂದಿದ್ದಾರೆ. ನಾನು ಈಗಲೂ ನೋಟು ಕೊಟ್ಟೇ ಕಾಫಿ ಕುಡಿಯುತ್ತೇನೆ. ಚಿಲ್ಲರೆಯಿಲ್ಲವೆಂದು ಅಂಗಡಿಯವರು ಗೊಣಗುತ್ತಾರೆ.