ಬಿಲ್ಲಿನ ವೇಷದಲ್ಲಿ ಬಂದ ಹುಳ



ಕಳೆದ ಸಂಚಿಕೆಯಲ್ಲಿ ಉದರಿ ವಸೂಲಿಯ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಜತ್ತದ ಬಂಧುಗಳೊಬ್ಬರು ಫೋನ್ ಮಾಡಿ, "ಉದರಿ ಮುಳುಗಿದರ ಒಬ್ಬ ಗಿರಾಕಿದು ಮುಳುಗತೈತ್ರಿ. ನಮ್ಮ ಅಂಗಡಿ ಲೆಕ್ಕಾನ ಮುಳುಗೇತಿ, ಅದರ ಬಗ್ಗೆ ಬರೀರಿ" ಎಂದರು. ಅವರ ಕಂಪ್ಯೂಟರಿಗೆ ಈ-ಮೇಲ್ ಮೂಲಕ ಹುಳ ಹೊಕ್ಕಿತ್ತು. ನಾನು ಮ್ಯಾಟ್ರಿಕ್ ಓದಿದವನು, ಕಂಪ್ಯೂಟರ್ ಪಂಡಿತನಲ್ಲ. ಆದರೆ ಇದೇ ಏಟು ತಿಂದವನು.

2019ರ ದೀಪಾವಳಿಗೆ ಇನ್ನು 12 ದಿನ ಇತ್ತು. ಅಕ್ಕಲಕೋಟೆಯ ನಮ್ಮ ಅಡತಿ ಅಂಗಡಿಗೆ, ನಾವು ತೊಗರಿ ಕಳಿಸುವ ಲಾತೂರಿನ ಒಂದು ದಾಲ್ ಮಿಲ್ಲಿನ ಹೆಸರಿನಲ್ಲಿ ಮೇಲ್ ಬಂತು. ಹಿಂದಿನ ವಾರ ನಾವೇ ಬರೆದಿದ್ದ ಪತ್ರ ಅದರ ಕೆಳಗೆ ಹಾಗೆಯೇ ಇತ್ತು. ಮೇಲೆ ಒಂದೇ ಸಾಲು, "ಬಿಲ್ ತಿದ್ದಿ ಕಳಿಸಿದೆ, ನೋಡಿ" ಎಂದು. ಜೊತೆಗೊಂದು ವರ್ಡ್ ಫೈಲು. ದಿವಾಣಜಿ ತೆರೆದರು. ಓದಬೇಕಾದರೆ 'ಎನೇಬಲ್ ಕಂಟೆಂಟ್' ಒತ್ತಿ ಎಂದಿತು. ಒತ್ತಿದರು. ಬಿಲ್ ಕಾಣಲಿಲ್ಲ. ಮುಚ್ಚಿಟ್ಟು ಊಟಕ್ಕೆ ಹೋದರು.

ಮೂರನೆಯ ದಿನ ಬೆಳಿಗ್ಗೆ ಸೊಸೆ ಕರೆದಳು. "ಮಾವಾರ, ಎಲ್ಲಾ ಫೈಲಿನ ಹೆಸರು ಬದಲಾಗ್ಯಾವ ನೋಡ್ರಿ. ಒಂದೂ ತೆರೀವಲ್ದು." ಪರದೆಯ ಮೇಲೆ ಡಾಲರಿನಲ್ಲಿ ಹಣ ಕೇಳುವ ಚೀಟಿ. ನಕಲು ತೆಗೆಯುವ ಡ್ರೈವ್ ಹಗಲು ರಾತ್ರಿ ಅದೇ ಕಂಪ್ಯೂಟರಿಗೆ ಚುಚ್ಚಿಯೇ ಇರುತ್ತಿತ್ತು. ಅದಕ್ಕೂ ಬೀಗ ಬಿದ್ದಿತ್ತು.

ನಾವು ಹಣ ಕೊಡಲಿಲ್ಲ. ಕೊಟ್ಟರೂ ಬೀಗದ ಕೈ ಸಿಗುತ್ತದೆಂಬ ಖಾತ್ರಿ ಏನು? ಜೂನ್‌ವರೆಗಿನ ಲೆಕ್ಕ ಸಿ.ಎ. ಹತ್ತಿರ ಇತ್ತು. ಉಳಿದದ್ದನ್ನು ಲಾರಿ ರಶೀದಿ, ಬ್ಯಾಂಕ್ ಪಾಸ್‌ಬುಕ್, ತೂಕದ ಚೀಟಿಗಳಿಂದ ಕೂಡಿಸಿದೆವು. ರೈತರಿಗೆ ಕೊಟ್ಟ ಮುಂಗಡ ಎಷ್ಟೆಂದು ರೈತರನ್ನೇ ಕೇಳಬೇಕಾಯಿತು. ಯಾರೂ ಕಡಿಮೆ ಹೇಳಲಿಲ್ಲ ಎಂದರೆ ಸುಳ್ಳಾದೀತು. ಆದರೆ ಒಬ್ಬ ಮುದುಕ ನನ್ನ ನೆನಪಿಗಿಂತ 4,000 ಹೆಚ್ಚು ಹೇಳಿ, ಅಷ್ಟನ್ನೂ ತೀರಿಸಿದ. ಆ ವರ್ಷ ವಹಿ ಪೂಜೆಗೆ ಅರ್ಧ ಲೆಕ್ಕವನ್ನೇ ಇಟ್ಟೆವು.

ದಿವಾಣಜಿಗೆ ಬಾಯಿಗೆ ಬಂದದ್ದು ಅಂದೆ. ಅವರು ಅತ್ತರು. ಆಮೇಲೆ ಹೇಳಿದರು, "ಅವತ್ತ ಯಾಕೋ ಸಂಶೇ ಬಂದಿತ್ರಿ ಸಾವಕಾರ್ರ. ನೀವು ಬೈತೀರಂತ ಸುಮ್ಮನಿದ್ದೆ." ನಷ್ಟವಾದದ್ದು ಆ ಮೂರು ದಿನದಲ್ಲಿ. ಒತ್ತಿದ ತಕ್ಷಣ ಇಂಟರ್ನೆಟ್ ವಯರ್ ಕಿತ್ತು, ತಿಳಿದವರನ್ನು ಕರೆಸಿದ್ದರೆ ಬಹಳಷ್ಟು ಉಳಿಯುತ್ತಿತ್ತೇನೋ. ನನ್ನ ಸಿಟ್ಟಿನ ಹೆದರಿಕೆಯೂ ಆ ಹುಳಕ್ಕೆ ನೆರವಾಯಿತು.

ನಮಗೆ ಬಂದದ್ದರ ಹೆಸರು ಗೊತ್ತಾಗಲಿಲ್ಲ. ಆದರೆ ಹಳೆಯ ಪತ್ರಗಳನ್ನು ಕದ್ದು ಅವಕ್ಕೇ ಉತ್ತರದಂತೆ ಬರುವುದು ಆಗ ಹಬ್ಬಿದ್ದ ಎಮೊಟೆಟ್ ಎಂಬ ಹುಳದ ರೀತಿ. 2014ರಲ್ಲಿ ಕಾಣಿಸಿಕೊಂಡ ಅದನ್ನು 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಸೇರಿ ನಿಲ್ಲಿಸಿದರು. ಅದೇ ವರ್ಷ ನವೆಂಬರಿನಲ್ಲಿ ಮತ್ತೆ ತಲೆ ಎತ್ತಿತು. ಇಂಥ ಮೋಸ ಹೊಸದೂ ಅಲ್ಲ. 2000ದ ಮೇ 4ರಂದು ಫಿಲಿಪೈನ್ಸಿನಿಂದ ಹೊರಟ 'ಐ ಲವ್ ಯೂ' ಮೇಲ್ ಪ್ರೇಮಪತ್ರದ ವೇಷದಲ್ಲಿ ಬ್ರಿಟನ್ನಿನ ಪಾರ್ಲಿಮೆಂಟಿಗೂ ಹೊಕ್ಕಿತು. ಅದನ್ನು ಬರೆದ ಹುಡುಗನ ಮೇಲೆ ಮೊಕದ್ದಮೆ ನಡೆಸಲು ಆಗ ಆ ದೇಶದಲ್ಲಿ ತಕ್ಕ ಕಾನೂನೇ ಇರಲಿಲ್ಲ! ಆ ಫೈಲಿನ ಹೆಸರು ಟಿಎಕ್ಸ್‌ಟಿ ಎಂದು ಮುಗಿದಂತೆ ಕಾಣುತ್ತಿತ್ತು, ನಿಜವಾದ ಬಾಲ ವಿಬಿಎಸ್. ವಿಂಡೋಸ್ ಈ ಬಾಲವನ್ನು ತಾನಾಗಿ ಮರೆಮಾಡುತ್ತದೆ, ಇಂದಿಗೂ. 'ವ್ಯೂ'ದಲ್ಲಿ ಹೋಗಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಆರಿಸಿಕೊಂಡರೆ ಕಾಣುತ್ತದೆ. ಪಿಡಿಎಫ್ ಆದ ಮೇಲೂ ಇಎಕ್ಸ್‌ಇ ಎಂದಿದ್ದರೆ ಅದು ಬಿಲ್ಲಲ್ಲ.

ಅಂತರ್ಜಾಲದಿಂದ ಬಂದ ಆಫೀಸ್ ಫೈಲುಗಳೊಳಗೆ ಅಡಗಿದ ಆಜ್ಞೆಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿ ತಡೆಯುತ್ತಿದೆ. ಆಮೇಲೆ ಕಳ್ಳರು ಜಿಪ್ ಫೈಲು, ಲಿಂಕುಗಳ ಕಡೆ ಹೆಚ್ಚು ತಿರುಗಿದರು. ಜಿಪ್ ಫೈಲೂ ಅದನ್ನು ತೆರೆಯುವ ಪಾಸ್‌ವರ್ಡೂ ಒಂದೇ ಮೇಲಿನಲ್ಲಿ ಬಂದರೆ ಎಚ್ಚರವಿರಲಿ. ಆಂಟಿವೈರಸ್ ಒಳಗೆ ಇಣುಕದಿರಲಿ ಎಂದೇ ಆ ಬೀಗ. ಕೊರಿಯರ್, ಜಿಎಸ್‌ಟಿ ನೋಟಿಸು, ಬ್ಯಾಂಕಿನ ಹೆಸರಿನಲ್ಲೂ ಬರುತ್ತವೆ. ಅನುಮಾನ ಬಂದರೆ ಫೋನ್ ಮಾಡಿ ಕೇಳಿ, ಆದರೆ ಮೇಲಿನಲ್ಲಿ ಕೊಟ್ಟ ನಂಬರಿಗಲ್ಲ, ನಿಮ್ಮ ಹಳೆಯ ಪುಸ್ತಕದಲ್ಲಿರುವ ನಂಬರಿಗೆ. ಇನ್ನು ವಿಂಡೋಸ್ 10ಕ್ಕೆ ಮಾಮೂಲಿ ರಕ್ಷಣಾ ದುರಸ್ತಿ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಳೇ ಯಂತ್ರದಲ್ಲೇ ವ್ಯವಹಾರ ನಡೆಸುವವರು ಮಕ್ಕಳಿಗೆ ತೋರಿಸಿರಿ. ಖಾತೆಯಿಂದ ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು.

ನಮ್ಮಲ್ಲೀಗ ಎರಡು ಡ್ರೈವ್ ಇವೆ. ಶನಿವಾರ ಸಂಜೆ ಸೊಸೆ ಒಂದಕ್ಕೆ ನಕಲು ತೆಗೆದು, ಬಿಚ್ಚಿ ತಿಜೋರಿಯಲ್ಲಿಡುತ್ತಾಳೆ. ಮುಂದಿನ ಶನಿವಾರ ಇನ್ನೊಂದಕ್ಕೆ. ಆಗಾಗ ಆ ನಕಲು ತೆರೆಯುತ್ತದೋ ಇಲ್ಲವೋ ಎಂದೂ ನೋಡುತ್ತಾಳೆ.

ದಿವಾಣಜಿ ನಮ್ಮಲ್ಲೇ ಇದ್ದಾರೆ. ಹೋದ ತಿಂಗಳು ಓಡಿ ಬಂದು, "ಸಾವಕಾರ್ರ, ಒಂದು ಒತ್ತಿಬಿಟ್ನಿರಿ" ಎಂದರು. ವಯರ್ ಕಿತ್ತು ಹುಡುಗನನ್ನು ಕರೆಸಿದೆವು. ನೋಡಿದರೆ ಅದು ಸೊಲ್ಲಾಪುರದ ಬಾರದಾನದ ಅಂಗಡಿಯ ನಿಜವಾದ ಬಿಲ್ಲು. ಎಲ್ಲರೂ ಕೂತು ಚಹಾ ಕುಡಿದೆವು.