ತಪಾಸಣೆಯ ಬಾಗಿಲಲ್ಲಿ ಆಡಿದ ನಗೆಮಾತು



ನಮ್ಮ ತುಮಕೂರು ಸೀಮೆಯವರಿಗೆ ವಿಮಾನವೆಂಬುದು ಒಂದು ಕಾಲಕ್ಕೆ ಹೊಲದಲ್ಲಿ ನಿಂತು ತಲೆಯೆತ್ತಿ ನೋಡುವ ವಸ್ತುವಾಗಿತ್ತೇ ಹೊರತು ಹತ್ತಿ ಕುಳಿತುಕೊಳ್ಳುವ ವಾಹನವಾಗಿರಲಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾದ ಮೇಲೆ, ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗುವ ದಾರಿಯು ನಮ್ಮ ಎಷ್ಟೋ ಮನೆಗಳಿಗೆ ಎಡೆಯೂರಿನ ದಾರಿಯಷ್ಟೇ ಪರಿಚಿತವಾಗಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ತಯಾರಿಸುವ ಕಾರ್ಖಾನೆಯೇ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಮಕ್ಕಳು ದೂರದೂರುಗಳಲ್ಲಿ ನೆಲೆಸಿದ್ದಾರೆ. ಬಾಣಂತನಕ್ಕೆ, ನಾಮಕರಣಕ್ಕೆ ಅಜ್ಜಿಯಂದಿರು ವಿಮಾನ ಹತ್ತುತ್ತಿದ್ದಾರೆ. ಆದ್ದರಿಂದ ಈ ತಿಂಗಳು ನಾವು ಎತ್ತಿಕೊಂಡಿರುವ ವಿಷಯ ನಮ್ಮ ಮನೆಗಳಿಗೆ ಸಂಬಂಧಿಸಿದ್ದಲ್ಲವೆಂದು ಯಾರೂ ಪುಟ ತಿರುವಬಾರದಾಗಿ ಪ್ರಾರ್ಥನೆ.

ನಾವು ಬಲ್ಲ ಗುಬ್ಬಿಯ ಕಡೆಯ ಒಂದು ಮನೆತನ. ಆ ಮನೆಯ ಹಿರಿಯ ತಾಯಿಗೆ ಎಪ್ಪತ್ತು ದಾಟಿದೆ. ದೆಹಲಿಯಲ್ಲಿರುವ ಮೊಮ್ಮಗಳಿಗೆ ಗಂಡುಮಗು ಹುಟ್ಟಿ, ನಾಮಕರಣ ಗೊತ್ತಾಗಿತ್ತು. ಮರಿಮಗನಿಗೆ ತಾವೇ ಹೆಸರು ಕೂಗಬೇಕೆಂಬ ಆಸೆಯಿಂದ ಅಜ್ಜಿ ಮೊದಲ ಬಾರಿಗೆ ವಿಮಾನದಲ್ಲಿ ಹೊರಟರು. ಜೊತೆಗೆ ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗ. ತಪಾಸಣೆಯ ಚೌಕಟ್ಟಿನಲ್ಲಿ ಅಜ್ಜಿ ಹಾದಾಗ ಯಂತ್ರ ಸದ್ದು ಮಾಡಿತು. ಕೊರಳಿನ ಶಿವದಾರದಲ್ಲಿದ್ದ ಬೆಳ್ಳಿಯ ಕರಡಿಗೆಯೇ ಅದಕ್ಕೆ ಕಾರಣವೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾವಲಿನ ಹೆಣ್ಣುಮಗಳು ಉತ್ತರ ದೇಶದವಳು. ಅವಳಿಗೆ ಕನ್ನಡ ಬಾರದು, ಅಜ್ಜಿಗೆ ಹಿಂದಿ ಬಾರದು. ಇದರೊಳಗೆ ಏನಿದೆಯೆಂದು ಅವಳು ವಿನಯದಿಂದಲೇ ಕೇಳಿದಳು. ಆಚೆ ಬದಿಯಲ್ಲಿ ನಿಂತಿದ್ದ ಮೊಮ್ಮಗ ಅಜ್ಜಿಯ ಪರವಾಗಿ ಉತ್ತರ ಕೊಡುವವನಾದ. ಅವನು ಕೊಟ್ಟ ಉತ್ತರ: "ಅಜ್ಜಿಯ ಬಾಂಬು, ಹುಷಾರಾಗಿ ಮುಟ್ಟಿ."

ಅವನು ನಕ್ಕ. ಬೇರೆ ಯಾರೂ ನಗಲಿಲ್ಲ.

ಸಾಲು ನಿಂತಿತು. ಇಬ್ಬರನ್ನೂ ಬೇರೆ ಬೇರೆ ಕೂರಿಸಿದರು. ಚೀಲಗಳನ್ನು ಬರಿದು ಮಾಡಿ ವಿಭೂತಿ ಗಟ್ಟಿ, ಚಟ್ನಿಪುಡಿಯ ಡಬ್ಬಿ, ಮಗುವಿಗೆಂದು ಹೊಲಿಸಿದ್ದ ಕುಲಾವಿ ಎಲ್ಲವನ್ನೂ ಒಂದೊಂದಾಗಿ ಮೇಜಿನ ಮೇಲಿಟ್ಟರು. ಮೊಮ್ಮಗ ಅಷ್ಟರಲ್ಲಿ ಅಳುವ ಸ್ಥಿತಿಗೆ ಬಂದಿದ್ದ; ತಾನಾಡಿದ್ದು ತಮಾಷೆಯೆಂದು ಹತ್ತಾರು ಸಲ ಹೇಳಿದ. ಕಡೆಗೆ ಕರಡಿಗೆಯನ್ನೂ ತೆರೆಯಬೇಕಾಯಿತು. ಐವತ್ತು ವರ್ಷಗಳಿಂದ ಪೂಜೆಯ ಹೊತ್ತಿನಲ್ಲಲ್ಲದೆ ತೆರೆಯದಿದ್ದ ಕರಡಿಗೆಯನ್ನು ಅಜ್ಜಿ ಪರದೆಯ ಹಿಂದೆ ತಾವೇ ತೆರೆದು, ಲಿಂಗವನ್ನು ಎಡದ ಅಂಗೈಯಲ್ಲಿರಿಸಿಕೊಂಡು, ಬರಿಯ ಕರಡಿಗೆಯನ್ನು ಆ ಹೆಣ್ಣುಮಗಳ ಕೈಗಿತ್ತರಂತೆ. ಅವಳು ಎರಡೂ ಕೈಯೊಡ್ಡಿ ತೆಗೆದುಕೊಂಡಳೆಂಬುದನ್ನು ಅಜ್ಜಿ ಇಂದಿಗೂ ನೆನೆಯುತ್ತಾರೆ. ವಿಚಾರಣೆ ಮುಗಿದು, ಹುಡುಗನಿಂದ ಕ್ಷಮಾಪಣೆ ಬರೆಸಿಕೊಂಡು, ಎಚ್ಚರಿಕೆ ಹೇಳಿ ಬಿಡುವಷ್ಟರಲ್ಲಿ ವಿಮಾನ ಹೊರಟುಹೋಗಿತ್ತು. ಊರಿಗೆ ಮರಳಿ, ಸ್ನಾನ ಮಾಡಿ, ಲಿಂಗಪೂಜೆ ಪೂರೈಸುವವರೆಗೆ ಆ ತಾಯಿ ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ. ಅಷ್ಟು ಹೊತ್ತಿಗೆ ದೀಪ ಹಚ್ಚುವ ವೇಳೆಯಾಗಿತ್ತು. ಮರುದಿನ ದೆಹಲಿಯಲ್ಲಿ ಬೇರೆ ಯಾರೋ ಹೆಸರು ಕೂಗಿದರು.

ಇಂತಹ ಮಾತಿಗೆ ಶಿಕ್ಷೆಯಾಗಬೇಕೇ? ಆ ಮನೆಯ ಜಗಲಿಯ ಮೇಲೆ ಈ ಪ್ರಶ್ನೆ ಹಲವು ದಿನ ಚರ್ಚೆಯಾಯಿತು. ತುಮಕೂರಿನಲ್ಲಿರುವ ಬಂಧುವೊಬ್ಬರು, ನಿವೃತ್ತ ಮುಖ್ಯೋಪಾಧ್ಯಾಯರು, ಹುಡುಗನನ್ನು ಪೊಲೀಸರಿಗೊಪ್ಪಿಸದೆ ಬಿಟ್ಟದ್ದೇ ತಪ್ಪೆಂದರು. ಕುಣಿಗಲ್ಲಿನ ಬೀಗರ ಕಡೆಯ ವಕೀಲರು ಇದನ್ನು ಒಪ್ಪಲಿಲ್ಲ. ಬಾಯಿಂದ ಜಾರಿದ ಒಂದು ಮಾತಿಗೆ ಮೊಕದ್ದಮೆ ಹೂಡಿದರೆ ಹುಡುಗನ ಪಾಸ್‌ಪೋರ್ಟು, ನೌಕರಿ ಎಲ್ಲಕ್ಕೂ ಅಡ್ಡಿ ಬಂದೀತು, ಅದು ತಪ್ಪಿಗೆ ಮೀರಿದ ದಂಡನೆ ಎಂದು ಅವರ ವಾದ. ಇಬ್ಬರೂ ನಮ್ಮ ಅಭಿಪ್ರಾಯ ಕೇಳಿದರು. ನಾವು ಆಗ ಸ್ಪಷ್ಟವಾಗಿ ಏನನ್ನೂ ಹೇಳಲಾಗಲಿಲ್ಲ. ಇಲ್ಲಿ ಹೇಳಲು ಯತ್ನಿಸುತ್ತೇವೆ.

ಮೊದಲಿಗೆ, ಕಾವಲಿನವರು ಒಂದು ಶಬ್ದಕ್ಕೆ ಇಷ್ಟೇಕೆ ಬೆದರುತ್ತಾರೆಂದು ಮೂಗು ಮುರಿಯುವವರಿಗೆ ಒಂದು ಮಾತು. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ವಿಮಾನವು ಐರ್ಲೆಂಡಿನ ಬಳಿ ಸಮುದ್ರದ ಮೇಲೆ ಸಿಡಿದು 329 ಮಂದಿ ಅಸುನೀಗಿದರು. ಪ್ರಯಾಣಿಕನು ಹತ್ತದೆ ಅವನ ಪೆಟ್ಟಿಗೆ ಮಾತ್ರ ಹತ್ತಿತ್ತು. ಬಾಂಬು ಇದ್ದದ್ದು ಅದರಲ್ಲಿಯೇ. ಅಂದಿನಿಂದ ಲೋಕದ ನಿಲ್ದಾಣಗಳಲ್ಲಿ ಪೆಟ್ಟಿಗೆಯನ್ನು ನಂಬುವ ಕಾಲ ಮುಗಿಯಿತು. ನಮ್ಮಲ್ಲಿ ಬೆದರಿಕೆಯ ಮಾತು ಬಂದಾಗ ಅದನ್ನು ತೂಗಿ ನೋಡಲು ನಿಲ್ದಾಣದಲ್ಲಿ ಒಂದು ಸಮಿತಿಯೇ ಸೇರುತ್ತದೆ; ಬೆದರಿಕೆ ನಿರ್ದಿಷ್ಟವೋ ಅಲ್ಲವೋ ಎಂಬುದನ್ನು ಅದು ನಿರ್ಧರಿಸುತ್ತದೆ. ಮೇಜಿನ ಬಳಿ ನಿಂತ ಒಬ್ಬ ಕಾನ್‌ಸ್ಟೇಬಲ್‌ಗೆ, "ಹುಡುಗ ಒಳ್ಳೆಯ ಮನೆಯವನಂತೆ ಕಾಣುತ್ತಾನೆ, ಬಿಟ್ಟುಬಿಡೋಣ" ಎನ್ನುವ ಅಧಿಕಾರವಿಲ್ಲ. ಇರಲೂ ಕೂಡದು.

ನಮ್ಮ ರಾಜ್ಯದಲ್ಲಿಯೇ ನಡೆದ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಮಂಗಳೂರಿನವು.

2022ರ ಆಗಸ್ಟ್ 14, ಸ್ವಾತಂತ್ರ್ಯೋತ್ಸವದ ಹಿಂದಿನ ದಿನ. ಮುಂಬಯಿಗೆ ಹೊರಡಲಿದ್ದ ವಿಮಾನದಲ್ಲಿ ಒಬ್ಬ ಯುವಕ ತನ್ನ ಗೆಳತಿಯೊಡನೆ ಮೊಬೈಲಿನಲ್ಲಿ ಸಂದೇಶ ವಿನಿಮಯ ಮಾಡುತ್ತಿದ್ದ. ಅವಳು ಅದೇ ನಿಲ್ದಾಣದಿಂದ ಬೆಂಗಳೂರಿಗೆ ಹೊರಡುವವಳು. ಭದ್ರತೆಯ ಕುರಿತು ಇಬ್ಬರೂ ಪರಸ್ಪರ ಹಾಸ್ಯ ಮಾಡುತ್ತಾ, ಬಾಂಬ್ ಇಡುವವನು ನೀನೇ ಎಂಬರ್ಥದ ಮಾತೊಂದು ಪರದೆಯ ಮೇಲೆ ಮೂಡಿತು. ಪಕ್ಕದಲ್ಲಿದ್ದ ಪ್ರಯಾಣಿಕರ ಕಣ್ಣಿಗೆ ಅದು ಬಿದ್ದು, ಅವರು ಸಿಬ್ಬಂದಿಗೆ ತಿಳಿಸಿದರು. ಎಲ್ಲರನ್ನೂ ಕೆಳಗಿಳಿಸಿ, ಎಲ್ಲ ಸಾಮಾನನ್ನೂ ಮರಳಿ ಶೋಧಿಸಿದರು. 185 ಪ್ರಯಾಣಿಕರೊಡನೆ ಆ ವಿಮಾನ ಹೊರಟಾಗ ಆರು ಗಂಟೆ ತಡವಾಗಿತ್ತು. ಸ್ನೇಹಿತರ ನಡುವಿನ ಸಲ್ಲಾಪವೆಂದು ಪೊಲೀಸರಿಗೂ ಮನವರಿಕೆಯಾಯಿತು. ಆರು ಗಂಟೆಗಳೆಂದರೆ ಕಡಿಮೆಯಲ್ಲ. ಆದರೂ ನಾವು ಆ ಇಬ್ಬರು ಎಳೆಯರನ್ನು ಅಪರಾಧಿಗಳೆನ್ನಲಾರೆವು. ಅವರು ಯಾರನ್ನೂ ಹೆದರಿಸಲು ಹೊರಟವರಲ್ಲ. ಅವರ ಮಾತು ಒಬ್ಬರಿಗೊಬ್ಬರು ಆಡಿದ್ದು, ಮೂರನೆಯವರಿಗೆ ಉದ್ದೇಶಿಸಿದ್ದಲ್ಲ. ನೋಡಿ ತಿಳಿಸಿದ ಪ್ರಯಾಣಿಕರದೂ ತಪ್ಪಿಲ್ಲ. ತಪ್ಪಿತಸ್ಥರಿಲ್ಲದೆಯೂ ನಷ್ಟವಾಗುವುದುಂಟು.

ಇನ್ನೊಂದು, 2020ರ ಜನವರಿ 20ರದು. ಅದೇ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಚೀಲವೊಂದು ಕಂಡಿತು. ಅದರಲ್ಲಿದ್ದುದು ನಿಜವಾದ ಸ್ಫೋಟಕ. ಅದನ್ನು ಬಯಲಿಗೆ ಒಯ್ದು ಸಿಡಿಸಿ ನಿಷ್ಕ್ರಿಯಗೊಳಿಸಿದರು. ಇಟ್ಟವನು ಎರಡು ದಿನಗಳ ಮೇಲೆ ಬೆಂಗಳೂರಿನಲ್ಲಿ ಶರಣಾದ. ಇವನೇ 2018ರಲ್ಲಿ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಾಂಬ್ ಇದೆಯೆಂದು ಹುಸಿ ಕರೆ ಮಾಡಿ ಸೆರೆಮನೆ ಕಂಡು ಬಂದವನು. ಮಂಗಳೂರಿನ ನ್ಯಾಯಾಲಯ 2022ರ ಮಾರ್ಚ್‌ನಲ್ಲಿ ಅವನಿಗೆ 20 ವರ್ಷಗಳ ಶಿಕ್ಷೆ ವಿಧಿಸಿತು. ಹುಸಿ ಕರೆ ಮಾಡಿದವರೆಲ್ಲ ಮುಂದೆ ನಿಜವಾದ ಬಾಂಬ್ ಇಡುತ್ತಾರೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಅನ್ಯಾಯ. ಆದರೆ ಯಾವ ಮಾತು ಹುಸಿ, ಯಾವುದು ದಿಟವೆಂದು ಕೇಳಿದ ಕ್ಷಣದಲ್ಲಿಯೇ ಹೇಳಬಲ್ಲವರು ಯಾರು?

ದ್ವೇಷದಿಂದಲೋ ವಿಕೃತ ಸಂತೋಷಕ್ಕಾಗಿಯೋ ಮರೆಯಲ್ಲಿ ನಿಂತು ಬೆದರಿಕೆ ಕಳಿಸುವವರ ಬಗ್ಗೆ ನಮಗೆ ಎಳ್ಳಷ್ಟೂ ಕನಿಕರವಿಲ್ಲ. 2023ರ ಡಿಸೆಂಬರ್ 1ರ ಬೆಳಗ್ಗೆ ಬೆಂಗಳೂರಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಅಂಥದೇ ಮಿಂಚಂಚೆ ಬಂದಾಗ, ತುಮಕೂರಿನಿಂದ ಹೋಗಿ ಅಲ್ಲಿ ಸಂಸಾರ ಹೂಡಿರುವ ನಮ್ಮ ಎಷ್ಟು ತಾಯಂದಿರು ಒಲೆಯ ಮೇಲಿನ ಹಾಲನ್ನೂ ಇಳಿಸದೆ ಶಾಲೆಯತ್ತ ಓಡಿದರೋ! 2024ರ ಅಕ್ಟೋಬರ್‌ನಲ್ಲಿ ಭಾರತದ ನೂರಾರು ವಿಮಾನಗಳಿಗೆ ಸಾಲುಸಾಲಾಗಿ ಹುಸಿ ಬೆದರಿಕೆಗಳು ಬಂದವು. ಆ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ವಿಮಾನ ಭದ್ರತಾ ನಿಯಮಗಳನ್ನು ತಿದ್ದಿ, ಸುಳ್ಳು ಮಾಹಿತಿ ಹಬ್ಬಿಸುವವರಿಗೆ ಒಂದು ಲಕ್ಷದಿಂದ ಒಂದು ಕೋಟಿ ರೂಪಾಯಿಗಳವರೆಗೆ ದಂಡ ಹಾಕುವ ಅವಕಾಶ ಮಾಡಿತು. ಹಾರಾಟದಲ್ಲಿರುವ ವಿಮಾನವನ್ನು ಗೊತ್ತಿದ್ದೂ ಸುಳ್ಳು ಸುದ್ದಿಯಿಂದ ಅಪಾಯಕ್ಕೆ ಒಡ್ಡುವವರಿಗೆ 1982ರ ಕಾಯ್ದೆಯಲ್ಲಿ ಜೀವಾವಧಿ ಶಿಕ್ಷೆಯೇ ಇದೆ. ಇದೆಲ್ಲ ಸರಿಯೇ.

ಆದರೆ ಗುಬ್ಬಿಯ ಆ ಹುಡುಗನನ್ನು ಈ ಸಾಲಿನಲ್ಲಿ ನಿಲ್ಲಿಸಬಹುದೇ? ಅವನು ಮರೆಯಲ್ಲಿ ನಿಂತವನಲ್ಲ. ಮುಖ ತೋರಿಸಿ, ಹೆಸರಿರುವ ಟಿಕೆಟ್ ಕೈಯಲ್ಲಿ ಹಿಡಿದು ಮಾತಾಡಿದ. 2024ರ ಆಗಸ್ಟ್‌ನಲ್ಲಿ ಕೊಚ್ಚಿಯ ನಿಲ್ದಾಣದಲ್ಲಿಯೂ ಒಬ್ಬ ಪ್ರಯಾಣಿಕರು, ನನ್ನ ಚೀಲದಲ್ಲೇನು ಬಾಂಬ್ ಇದೆಯೇ ಎಂದು ಕಾವಲಿನವರನ್ನು ಕೇಳಿ ಬಂಧನಕ್ಕೊಳಗಾದರು. ಅದು ಬೇಸರದ ಮಾತೋ ಹಾಸ್ಯವೋ, ಆಡಿದವರಿಗೇ ಗೊತ್ತು. ಇಂಗ್ಲೆಂಡಿನಲ್ಲಿ 2010ರ ಜನವರಿಯಲ್ಲಿ ಹಿಮ ಬಿದ್ದು ಡಾಂಕಾಸ್ಟರ್ ಬಳಿಯ ನಿಲ್ದಾಣ ಮುಚ್ಚಿದಾಗ, ಯುವಕನೊಬ್ಬ ಅದನ್ನು ಸಿಡಿಸಿಬಿಡುತ್ತೇನೆಂದು ಟ್ವಿಟರ್‌ನಲ್ಲಿ ಹಾಸ್ಯಕ್ಕೆ ಬರೆದ. ಅದನ್ನು ಯಾರೂ ಬೆದರಿಕೆಯೆಂದು ನಂಬಿರಲಿಲ್ಲ. ಆದರೂ ಅವನ ಮೇಲೆ ಮೊಕದ್ದಮೆ ನಡೆದು, ದಂಡ ಬಿದ್ದು, ಕೆಲಸವೂ ಹೋಯಿತು. 2012ರ ಜುಲೈಯಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ಕೇಳಿದವರಲ್ಲಿ ಭಯ ಹುಟ್ಟಿಸದ ಮಾತನ್ನು ಬೆದರಿಕೆಯೆನ್ನಲಾಗದೆಂಬುದು ಅದರ ತಿರುಳು. ಕುಣಿಗಲ್ಲಿನ ವಕೀಲರಿಗೆ ಈ ಪ್ರಸಂಗ ಬಲು ಮೆಚ್ಚುಗೆಯಾಗಿ, ಅದನ್ನೇ ಎತ್ತಿ ಹಿಡಿದರು. ಆದರೆ ಮನೆಯಲ್ಲಿ ಕುಳಿತು ಬರೆದ ಮಾತೇ ಬೇರೆ, ತಪಾಸಣೆಯ ಮೇಜಿನ ಮುಂದೆ ನಿಂತು ಕಾವಲಿನವಳ ಪ್ರಶ್ನೆಗೆ ಉತ್ತರವಾಗಿ ಕೊಟ್ಟ ಮಾತೇ ಬೇರೆ ಎಂಬುದನ್ನು ಅವರು ಗಮನಿಸಲಿಲ್ಲವೆಂದು ನಮ್ಮ ಎಣಿಕೆ.

ನಾವು ನಗುವಿಗೆ ವಿರೋಧಿಗಳಲ್ಲ. ಗುಬ್ಬಿಯವರಿಗೆ ಹಾಸ್ಯವನ್ನು ಹೇಳಿಕೊಡುವ ಧೈರ್ಯ ಯಾರಿಗಿದೆ? ಗುಬ್ಬಿ ವೀರಣ್ಣನವರು ಹಾಸ್ಯಪಾತ್ರಗಳಿಂದಲೇ ನಾಡಿಗೆಲ್ಲ ಬೇಕಾದವರಾದರು. ಆದರೆ ರಂಗದ ಮೇಲೆ ನಟ ಕತ್ತಿ ಹಿರಿದರೆ ಪ್ರೇಕ್ಷಕರು ಎದ್ದು ಓಡುವುದಿಲ್ಲ. ಅದು ನಾಟಕವೆಂದು ತಿಳಿದೇ ಟಿಕೆಟ್ ಕೊಂಡು ಬಂದಿರುತ್ತಾರೆ. ಕಾವಲಿನವಳು ಅಂಥ ಟಿಕೆಟ್ ಕೊಂಡವಳಲ್ಲ. ನಗುವ ಸ್ವಾತಂತ್ರ್ಯವೇ ಅವಳಿಗಿರಲಿಲ್ಲ.

ಆದಕಾರಣ ನಮ್ಮ ಅಭಿಪ್ರಾಯ ಇದು. ಶಿಕ್ಷೆ ಬೇಕು, ಆದರೆ ಸೆರೆಮನೆಯಲ್ಲ. ಅಂದು ಆ ಸಾಲಿನಲ್ಲಿ ನಿಂತು ಕಾದವರ ಎದುರಿಗೇ ಕ್ಷಮೆ ಕೇಳಬೇಕಿತ್ತು. ಶೋಧನೆಗೆ ಆದ ವೆಚ್ಚದ ಒಂದು ಪಾಲನ್ನು ಅವನ ಸ್ವಂತ ದುಡಿಮೆಯಿಂದ ಕಟ್ಟಿಸಬೇಕಿತ್ತು, ಅಪ್ಪನ ಜೇಬಿನಿಂದಲ್ಲ. ಆಯುಷ್ಯವಿಡೀ ಬೆನ್ನಟ್ಟುವ ಮೊಕದ್ದಮೆ ಬೇಕಿರಲಿಲ್ಲ. ಬರಿಯ ಎಚ್ಚರಿಕೆ ಸಾಲದೆಂದು ನಮಗೆ ತೋರುವುದಕ್ಕೆ ಕಾರಣವೂ ಉಂಟು. ಎಚ್ಚರಿಕೆ ಕೇಳಿಸಿಕೊಂಡವನು ಮೊಮ್ಮಗ. ದಂಡ ತೆತ್ತವರು ಅಜ್ಜಿ. ಏನನ್ನೂ ಆಡದ, ಆಡಿದ್ದು ಅರ್ಥವೂ ಆಗದ ಆ ತಾಯಿ ದಿನವಿಡೀ ಉಪವಾಸವಿದ್ದು, ಮರಿಮಗನ ನಾಮಕರಣವನ್ನು ಕಳೆದುಕೊಂಡರು. ಅವರೊಡನೆ ಆ ಸಾಲಿನಲ್ಲಿದ್ದವರಲ್ಲಿ ಆಸ್ಪತ್ರೆಗೆ ಹೊರಟವರಿದ್ದರೋ, ಮಣ್ಣಿಗೆ ಹೊರಟವರಿದ್ದರೋ, ಯಾರಿಗೆ ಗೊತ್ತು?

ಮನೆಗಳಲ್ಲಿಯೂ ಒಂದು ಕೆಲಸವಿದೆ. ಮೊದಲ ಬಾರಿ ವಿಮಾನ ಹತ್ತುವ ಹಿರಿಯರಿಗೆ, ಕರಡಿಗೆಯ ಬಗ್ಗೆ ಕೇಳಿದರೆ ಹೇಳಲೆಂದು ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ನಾಲ್ಕು ಸಾಲು ಬರೆದುಕೊಡಿ. ಶೋಧನೆ ಮಾಡುವವರು ಕೇಳಿದರೆ ಅದು ಅವಮಾನವಲ್ಲವೆಂದೂ, ಪರದೆಯ ಹಿಂದೆ ತೋರಿಸುತ್ತೇವೆಂದು ವಿನಂತಿಸಬಹುದೆಂದೂ ತಿಳಿಸಿ. ಜೊತೆಗೆ ಹೋಗುವ ಹುಡುಗರಿಗೆ ಏನು ಹೇಳಬೇಕೆಂಬುದನ್ನು ನಾವು ಬೇರೆಯಾಗಿ ಬರೆಯಬೇಕಿಲ್ಲ.

ಆ ತಾಯಿಯನ್ನು ನಾವು ಕೇಳಿದೆವು: "ನಿಮ್ಮ ಮೊಮ್ಮಗನಿಗೆ ಏನು ಶಿಕ್ಷೆಯಾಗಬೇಕಿತ್ತು ತಾಯಿ?" ಅವರು ಅಕ್ಕಿ ಆರಿಸುತ್ತಾ ಕುಳಿತಿದ್ದರು. "ಜೈಲಿಗೆ ಹಾಕಿದ್ದರೆ ನಾನೂ ಅಲ್ಲೇ ಬಾಗಿಲಲ್ಲಿ ಕೂರ್‍ತಿದ್ದೆ ಕಣಪ್ಪ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಅವತ್ತು ಮನೆಗೆ ಬಂದಮೇಲೆ ಅವನಿಗೆ ಊಟಕ್ಕೆ ನಾನು ಬಡಿಸಲಿಲ್ಲ" ಎಂದು ಸೇರಿಸಿದರು.

ಎರಡು ತಿಂಗಳ ಮೇಲೆ ಅಜ್ಜಿ ಮತ್ತೆ ದೆಹಲಿಗೆ ಹೊರಟರು. ಈ ಸಲದ ಟಿಕೆಟ್ಟಿಗೆ ಮೊಮ್ಮಗ ಸಂಜೆ ವೇಳೆ ಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ದುಡಿದ ಹಣವನ್ನು ಹಾಕಿದನಂತೆ, ಯಾರೂ ಕೇಳಿರಲಿಲ್ಲ. ಜೊತೆಯಲ್ಲಿ ಅವನೇ ಹೋದ. ಕರಡಿಗೆಯ ವಿಷಯ ಬರೆದ ಚೀಟಿಯನ್ನು ಅಜ್ಜಿ ತಾವೇ ಸೆರಗಿನ ತುದಿಗೆ ಕಟ್ಟಿಕೊಂಡಿದ್ದರು.